ಬೋರ್ಡಿನ ಮೇಲೆ ಬಿಟ್ಟುಹೋದ ಸಾಲು

ಇಂಜಿನಿಯರಿಂಗ್ ಕಾಲೇಜಿನ ಎರಡನೇ ವರ್ಷದ ಯಾವ ತರಗತಿಯಲ್ಲಾದರೂ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಮೀಕರಣ ಬರೆಯುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು. ಆಮೇಲೆ ‘ಆದ್ದರಿಂದ’ ಎಂಬುದಕ್ಕೆ ಮೂರು ಚುಕ್ಕಿ ಇಟ್ಟು ಉತ್ತರ. ಆ ಎರಡನೇ ಸಾಲಿಗೂ ಮೂರು ಚುಕ್ಕಿಗೂ ನಡುವೆ ನಾಲ್ಕು ಸಾಲಿನ ಕೆಲಸವಿರುತ್ತದೆ. ಹತ್ತು ವರ್ಷ ಅದೇ ಲೆಕ್ಕ ಮಾಡಿದ ಮೇಷ್ಟ್ರಿಗೆ ಅದು ಕೆಲಸ ಅನ್ನಿಸುವುದೇ ಇಲ್ಲ, ತಲೆಯೊಳಗೇ ಆಗಿಹೋಗಿರುತ್ತದೆ. ಹುಡುಗರು ಮೂರು ಚುಕ್ಕಿಯನ್ನೂ ಬಿಡದೆ ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. “ಅರ್ಥ ಆಯ್ತಾ?” ಎಂದರೆ “ಆಯ್ತು ಸಾ” ಎಂದು ನಾಲ್ಕೈದು ದನಿ ಒಟ್ಟಿಗೆ ಬರುತ್ತವೆ. ಉಳಿದವರು ಬರೆಯುತ್ತಲೇ ಇರುತ್ತಾರೆ.

ಕೃಷ್ಣರಾಜಪೇಟೆಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಆರಂಭವಾದದ್ದು 2007ರಲ್ಲಿ. ಅದಕ್ಕೂ ಮೊದಲು ಮಂಡ್ಯ ಸೀಮೆಯ ಹುಡುಗರಿಗೆ ಇಂಜಿನಿಯರಿಂಗ್ ಎಂದರೆ ಕೆ.ವಿ. ಶಂಕರಗೌಡರು 1962ರಲ್ಲಿ ಮಂಡ್ಯದಲ್ಲಿ ಕಟ್ಟಿದ ಪಿಇಎಸ್ ಕಾಲೇಜು, ಇಲ್ಲವೇ ಮೈಸೂರು. ಈಗ ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯಲ್ಲಿ ಮಹಾರಾಜ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ, ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿಯವರ ಕಾಲೇಜಿದೆ. ಕಾಲೇಜು ಊರ ಬಾಗಿಲಿಗೇ ಬಂದಿತು. ಕಬ್ಬು, ಭತ್ತ, ತೆಂಗು ಬೆಳೆಯುವ ಮನೆಗಳಿಂದ, ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲಿಗರಾಗಿ, ಹತ್ತನೇ ತರಗತಿಯವರೆಗೆ ಕನ್ನಡದಲ್ಲೇ ಓದಿ ಬಂದವರು ಈ ಬೆಂಚುಗಳಲ್ಲಿ ಬಹಳ ಮಂದಿ. ಇಂಥವರಿಗೆ ಒಳ್ಳೆಯ ಮೇಷ್ಟ್ರು ಅಂದರೆ ಯಾರು?

ಬಸ್ ಸ್ಟ್ಯಾಂಡಿನಲ್ಲಿ, ಹಾಸ್ಟೆಲಿನಲ್ಲಿ, ಪರೀಕ್ಷೆಯ ಹಿಂದಿನ ದಿನದ ಗುಂಪಿನಲ್ಲಿ ಅವರ ಮಾತಿಗೆ ಕಿವಿಗೊಟ್ಟರೆ ಉತ್ತರ ತಾನಾಗಿಯೇ ಸಿಗುತ್ತದೆ. ಬಹಳ ಓದಿಕೊಂಡವರು, ಪಿಎಚ್‌ಡಿ ಮಾಡಿದವರು ಎಂಬುದನ್ನು ಅವರು ಗೌರವದಿಂದ ಹೇಳುತ್ತಾರೆ, ಆದರೆ ಅದು ಹೊಗಳಿಕೆಯ ಕೊನೆಯಲ್ಲಿ ಬರುತ್ತದೆ. ಮೊದಲು ಬರುವುದು: ಸ್ಟೆಪ್ ಬಿಡಲ್ಲ, ಎಷ್ಟು ಸಲ ಕೇಳಿದರೂ ಬೈಯಲ್ಲ, ಬೋರ್ಡ್ ಮೇಲೆ ಬಿಡಿಸ್ತಾರೆ, ಕನ್ನಡದಲ್ಲೂ ಒಂದ್ಸಲ ಹೇಳ್ತಾರೆ, ಇಂಟರ್ನಲ್ಸ್‌ನಲ್ಲಿ ತಾರತಮ್ಯ ಮಾಡಲ್ಲ. ಇವೆಲ್ಲ ಬೇರೆ ಬೇರೆ ಗುಣಗಳಂತೆ ಕೇಳಿಸುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಕೊನೆಯದೊಂದನ್ನು ಬಿಟ್ಟರೆ ಎಲ್ಲವೂ ಮೊದಲನೆಯದರ ಬೇರೆ ಬೇರೆ ರೂಪಗಳು. ಈ ಹುಡುಗರು ಮೇಷ್ಟ್ರನ್ನು ಅಳೆಯುವುದು, ತಾವು ನಿಂತಿರುವ ಜಾಗಕ್ಕೂ ಪುಸ್ತಕ ಶುರುವಾಗುವ ಜಾಗಕ್ಕೂ ನಡುವಿನ ಹೆಜ್ಜೆಗಳನ್ನು ಅವರು ಬಿಡುತ್ತಾರೋ ಇಲ್ಲವೋ ಎಂಬುದರಿಂದ.

ಇದು ಹಳ್ಳಿ ಹುಡುಗರ ಸಂಕೋಚದ ಮಾತು ಮಾತ್ರ ಎಂದುಕೊಳ್ಳಬೇಕಿಲ್ಲ. ಅಮೆರಿಕದ ಕೆನೆತ್ ಫೆಲ್ಡ್‌ಮನ್ ಎಂಬ ಸಮಾಜಶಾಸ್ತ್ರಜ್ಞ 1988ರಲ್ಲಿ ಒಂದು ಹೋಲಿಕೆ ಪ್ರಕಟಿಸಿದರು. ಒಳ್ಳೆಯ ಪಾಠಕ್ಕೆ ಏನು ಬೇಕು ಎಂದು ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಕೇಳಿದ್ದ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ್ದರು. ಎರಡೂ ಕಡೆಯ ಪಟ್ಟಿ ಬಹುಮಟ್ಟಿಗೆ ಒಂದೇ ಆಗಿತ್ತು. ವ್ಯತ್ಯಾಸವಿದ್ದದ್ದು ಕೆಲವೇ ಕಡೆ. ಪಾಠ ಆಸಕ್ತಿ ಹುಟ್ಟಿಸಬೇಕು, ಮಾತು ಸ್ಪಷ್ಟವಾಗಿರಬೇಕು, ಮೇಷ್ಟ್ರು ಕೈಗೆ ಸಿಗಬೇಕು, ಸಹಾಯಕ್ಕೆ ಒದಗಬೇಕು ಎಂಬುದಕ್ಕೆ ವಿದ್ಯಾರ್ಥಿಗಳು ಹೆಚ್ಚು ತೂಕ ಕೊಟ್ಟಿದ್ದರು. ಅಧ್ಯಾಪಕರು ಹೆಚ್ಚು ತೂಕ ಕೊಟ್ಟದ್ದು ಸವಾಲು ಹಾಕುವುದಕ್ಕೆ, ಮಟ್ಟ ಎತ್ತರದಲ್ಲಿಡುವುದಕ್ಕೆ, ವಿದ್ಯಾರ್ಥಿಯೇ ಸ್ವಂತವಾಗಿ ಕಲಿಯುವಂತೆ ಮಾಡುವುದಕ್ಕೆ. ಎರಡೂ ಕಡೆಯವರು ತಮ್ಮ ತಮ್ಮ ಕಷ್ಟವನ್ನೇ ಹೇಳಿಕೊಂಡಂತಿದೆ.

ನಮ್ಮಲ್ಲಿ ಈ ಕಷ್ಟಕ್ಕೆ ಇನ್ನೊಂದು ತಿರುವು ಇದೆ. ಎರಡನೇ ವರ್ಷದ ತರಗತಿಯಲ್ಲಿ ಎರಡು ದಾರಿಯಿಂದ ಬಂದವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಿಯುಸಿ ವಿಜ್ಞಾನ ಮುಗಿಸಿ ಸಿಇಟಿ ಬರೆದು ಬಂದವರು ಒಂದು ಕಡೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿದವರು ಇನ್ನೊಂದು ಕಡೆ. ಮೊದಲನೆಯವರಿಗೆ ಕ್ಯಾಲ್ಕುಲಸ್ ಪರಿಚಯವಿದೆ, ಲೇತ್ ಮುಟ್ಟಿ ಗೊತ್ತಿಲ್ಲ. ಎರಡನೆಯವರು ಲೇತ್ ಮೇಲೆ ಕೈ ಪಳಗಿಸಿಕೊಂಡಿದ್ದಾರೆ, ಸರ್ವೆ ಮಾಡಿದ್ದಾರೆ, ಮಲ್ಟಿಮೀಟರ್ ಹಿಡಿದಿದ್ದಾರೆ, ಆದರೆ ಇಂಟಿಗ್ರಲ್ ಚಿಹ್ನೆ ಕಂಡರೆ ಕೈ ನಿಲ್ಲುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ, ಅಂದರೆ ವಿಟಿಯುಗೆ, ಇದು ತಿಳಿದಿಲ್ಲವೆಂದಲ್ಲ. ಲ್ಯಾಟರಲ್ ಎಂಟ್ರಿಯವರಿಗೆಂದೇ ಹೆಚ್ಚುವರಿ ಗಣಿತದ ಪತ್ರಿಕೆ ಇಟ್ಟಿದೆ. ಹುಡುಗರ ಬಾಯಲ್ಲಿ ಅದು ‘ಡಿಪ್ ಮ್ಯಾಥ್ಸ್’. ಡಿಗ್ರಿಗೆ ಪಾಸಾಗಲೇಬೇಕು, ಆದರೆ ಕ್ರೆಡಿಟ್ ಇಲ್ಲ. ಕ್ರೆಡಿಟ್ ಇಲ್ಲದ್ದನ್ನು ಕಲಿಸುವವರೂ ಕಲಿಯುವವರೂ ಹೇಗೆ ನೋಡುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹೀಗಾಗಿ ಒಬ್ಬನಿಗೆ ಬೇಕಾದ ಹೆಜ್ಜೆ ಇನ್ನೊಬ್ಬನಿಗೆ ಬೇಡ. ‘ಇದು ನಿಮಗೆ ಗೊತ್ತೇ ಇದೆ’ ಎಂದು ಮೇಷ್ಟ್ರು ಯಾವ ಸಾಲು ಬಿಟ್ಟರೂ ತರಗತಿಯ ಒಂದು ಪಾಲಿಗೆ ಅದು ಗೊತ್ತಿರುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ, ಊರಿನದೇ. ಮಳೆಗಾಲ ಬಂದರೆ ಈ ಸೀಮೆಯ ಯಾವ ಟೀ ಅಂಗಡಿಯಲ್ಲೂ ಕೇಳಿಬರುವ ಮಾತು: ಕಟ್ಟೆ ಎಷ್ಟಡಿ ಆಯ್ತು? ಕನ್ನಂಬಾಡಿಯ, ಅಂದರೆ ಕೃಷ್ಣರಾಜಸಾಗರ ಅಣೆಕಟ್ಟೆಯ, ಗರಿಷ್ಠ ಮಟ್ಟ 124.80 ಅಡಿ ಎಂಬುದು ಓದು ಬರಹ ಬಾರದ ಅಜ್ಜಿಗೂ ಗೊತ್ತು. ಫ್ಲೂಯಿಡ್ ಮೆಕ್ಯಾನಿಕ್ಸ್ ತರಗತಿಯಲ್ಲಿ ನಿಂತ ನೀರು ಗೋಡೆಯನ್ನು ತಳ್ಳುವ ಬಲದ ಲೆಕ್ಕ ಬಂದಾಗ ಮೇಷ್ಟ್ರು ಸೂತ್ರ ಬರೆಯುತ್ತಾರೆ: ಅರ್ಧ, ಗುಣಿಸು ಒಂದು ಘನ ಮೀಟರ್ ನೀರಿನ ತೂಕ, ಗುಣಿಸು ಆಳದ ವರ್ಗ. ಬೆಲೆಗಳನ್ನು ಹಾಕಿ ಉತ್ತರ ತೆಗೆಯುತ್ತಾರೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ‘ಅರ್ಧ’ ಎಲ್ಲಿಂದ ಬಂತು? ಆಳ ಒಂದು ಸಲ ಬರಬೇಕಾದ ಕಡೆ ಎರಡು ಸಲ ಯಾಕೆ ಬಂತು?

ಬಿಟ್ಟ ಸಾಲುಗಳನ್ನು ತುಂಬಿದರೆ ಹೀಗಾಗುತ್ತದೆ. 124.80 ಅಡಿ ಎಂದರೆ ಸುಮಾರು 38 ಮೀಟರ್. ಇದು ತಳದಿಂದ ಅಳೆದ ಆಳ ಎಂದು ಇಟ್ಟುಕೊಳ್ಳೋಣ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಹಾಗಾದರೆ ತಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ 38 ಟನ್ ಒತ್ತಡ. ನೀರಿನ ಮೇಲ್ಮೈಯಲ್ಲಿ ಸೊನ್ನೆ. ನಡುವೆ ಒಂದೇ ಸಮನಾಗಿ ಏರುತ್ತ ಹೋಗುತ್ತದೆ, ಆದ್ದರಿಂದ ಸರಾಸರಿ 19 ಟನ್. ಅರ್ಧ ಬಂದದ್ದು ಇಲ್ಲಿಂದ. ಇನ್ನು ಕಟ್ಟೆಯ ಉದ್ದದಲ್ಲಿ ಒಂದು ಮೀಟರ್ ಅಗಲದ ಪಟ್ಟಿ ತೆಗೆದುಕೊಂಡರೆ ನೀರು ತಾಗಿರುವ ಜಾಗ 38 ಚದರ ಮೀಟರ್. ಆಳ ಎರಡನೇ ಸಲ ಬಂದದ್ದು ಇಲ್ಲಿ. 19ನ್ನು 38ರಿಂದ ಗುಣಿಸಿದರೆ 722. ಅಂದರೆ ಕಟ್ಟೆ ತುಂಬಿದ ದಿನ ಅದರ ಪ್ರತಿ ಮೀಟರ್ ಉದ್ದವನ್ನು ನೀರು ಸುಮಾರು 720 ಟನ್ ಬಲದಿಂದ ತಳ್ಳುತ್ತಿರುತ್ತದೆ. ಇಷ್ಟು ಹೇಳಲು ಹಿಡಿಯುವುದು ಐದು ನಿಮಿಷ. ಇಲ್ಲಿ ಇಂಟಿಗ್ರೇಷನ್ ಬೇಕಾಗಲಿಲ್ಲ ಎಂಬುದನ್ನು ಗಮನಿಸಿ. ಡಿಪ್ಲೊಮಾದಿಂದ ಬಂದವನು ಇದನ್ನು ಹಿಡಿದ ಮೇಲೆ, ಇದೇ ಕೆಲಸವನ್ನು ಇಂಟಿಗ್ರಲ್ ಚಿಹ್ನೆ ಹಾಕಿ ಮಾಡಿ ತೋರಿಸಿದರೆ ಅವನಿಗೆ ಫ್ಲೂಯಿಡ್ ಮೆಕ್ಯಾನಿಕ್ಸ್ ಜೊತೆಗೆ ಕ್ಯಾಲ್ಕುಲಸ್‌ನ ಮೇಲಿನ ಭಯವೂ ಅರ್ಧ ಹೋಗುತ್ತದೆ.

ಇಲ್ಲಿಂದ ಮುಂದಿನ ಪ್ರಶ್ನೆ ಇನ್ನೂ ರುಚಿಯಾದದ್ದು. ಕನ್ನಂಬಾಡಿಯ ಹಿನ್ನೀರು ಹೇಮಾವತಿ ಸೇರುವ ದಿಕ್ಕಿನಲ್ಲಿ ಕೃಷ್ಣರಾಜಪೇಟೆ ತಾಲ್ಲೂಕಿನವರೆಗೂ ಹಬ್ಬಿದೆ. ಹಿನ್ನೀರು ಅಷ್ಟು ದೂರ ಇರುವುದರ ಬದಲು ಕಟ್ಟೆಯ ಹಿಂದೆ ನೂರೇ ಮೀಟರ್ ಇದ್ದಿದ್ದರೆ ತಳ್ಳುವ ಬಲ ಕಡಿಮೆಯಾಗುತ್ತಿತ್ತೇ? ತರಗತಿಯಲ್ಲಿ ಹೆಚ್ಚಿನವರು ಹೌದು ಎನ್ನುತ್ತಾರೆ. ಇಲ್ಲ. ಬಲ ನಿಂತಿರುವುದು ಆಳದ ಮೇಲೆ, ಹಿಂದೆ ಎಷ್ಟು ನೀರಿದೆ ಎಂಬುದರ ಮೇಲಲ್ಲ. 49 ಟಿಎಂಸಿ ನೀರು ಕಟ್ಟೆಯ ಬೆನ್ನಿಗೆ ಒರಗಿ ಕೂತಿದೆ ಎಂದು ಚಿಕ್ಕಂದಿನಿಂದ ಎಣಿಸಿದ್ದವರಿಗೆ ಇದು ಸುಲಭಕ್ಕೆ ಒಪ್ಪಿಗೆಯಾಗುವುದಿಲ್ಲ, ವಾದಕ್ಕೆ ಬರುತ್ತಾರೆ. ವಾದಕ್ಕೆ ಬಂದರೆ ಪಾಠ ನಡೆದಿದೆ ಎಂದೇ ಲೆಕ್ಕ. 1911ರಲ್ಲಿ ಶುರುವಾದ ಕಟ್ಟೆ, ಸುರ್ಕಿ ಗಾರೆಯ ಕಲ್ಲುಕಟ್ಟಡ, ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿಬರುವ ದೂರ. ಆದರೂ ಪಠ್ಯಪುಸ್ತಕದ ಲೆಕ್ಕಗಳಲ್ಲಿ ಬರುವುದು ಹೆಸರಿಲ್ಲದ ಒಂದು ಆಯತಾಕಾರದ ತೊಟ್ಟಿ.

ಭಾಷೆಯ ವಿಷಯಕ್ಕೆ ಬರೋಣ. ಇದರಲ್ಲಿ ನಮ್ಮ ಚರ್ಚೆ ಯಾವಾಗಲೂ ತಪ್ಪು ಬಾಗಿಲನ್ನೇ ತಟ್ಟುತ್ತದೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ಎಐಸಿಟಿಇ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಬಿ.ಟೆಕ್ ಕಲಿಸಲು ಅನುಮತಿ ಕೊಟ್ಟಿತು. ಕರ್ನಾಟಕದಲ್ಲಿ ಬೆರಳೆಣಿಕೆಯ ಕಾಲೇಜುಗಳು ಮುಂದೆ ಬಂದವು, ಆದರೆ ಸೇರಲು ಹುಡುಗರು ಸಿಗಲಿಲ್ಲ. ಇದನ್ನು ಹಿಡಿದು ಕೆಲವರು ‘ನೋಡಿ, ಅವರಿಗೇ ಕನ್ನಡ ಬೇಡ’ ಎಂದರು. ಅವರಿಗೆ ಬೇಡವಾದದ್ದು ಕನ್ನಡದ ಸರ್ಟಿಫಿಕೇಟು. ಬೆಂಗಳೂರಿನ ಕಂಪನಿಯ ಇಂಟರ್ವ್ಯೂ ಯಾವ ಭಾಷೆಯಲ್ಲಿ ನಡೆಯುತ್ತದೆ ಎಂಬುದು ಕಿಕ್ಕೇರಿಯ ಹುಡುಗಿಗೂ ಗೊತ್ತು. ಅವಳು ಕೇಳುತ್ತಿರುವುದು ಬೇರೆ: ಪಾರಿಭಾಷಿಕ ಪದ ಇಂಗ್ಲಿಷಿನಲ್ಲೇ ಇರಲಿ, ಪರೀಕ್ಷೆಯೂ ಇಂಗ್ಲಿಷಿನಲ್ಲೇ ಇರಲಿ, ಆದರೆ ವಿಷಯ ತಲೆಗೆ ಇಳಿಯುವ ಆ ಒಂದು ಗಳಿಗೆಯಲ್ಲಿ ಮೇಷ್ಟ್ರು ಕನ್ನಡಕ್ಕೆ ಬರಲಿ. ‘ಬೆಂಡಿಂಗ್ ಮೊಮೆಂಟ್ ಜಾಸ್ತಿ ಇರೋ ಜಾಗದಲ್ಲಿ ತೊಲೆ ಮೊದ್ಲು ಬಿರುಕು ಬಿಡುತ್ತೆ, ಅಲ್ಲಿ ಕಬ್ಬಿಣ ಜಾಸ್ತಿ ಹಾಕ್ಬೇಕು’ ಎಂಬ ಒಂದು ವಾಕ್ಯ ಕಾಲು ಗಂಟೆಯ ಇಂಗ್ಲಿಷ್ ವಿವರಣೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಇಂಥ ಕಲಸುಮೇಲೋಗರ ಪಾಠ ನಮ್ಮ ತರಗತಿಗಳಲ್ಲಿ ಮೊದಲಿನಿಂದಲೂ ನಡೆದುಬಂದಿದೆ. ಆದರೆ ಕದ್ದು ನಡೆಯುತ್ತದೆ, ಪ್ರಿನ್ಸಿಪಾಲರು ಕಾರಿಡಾರಿನಲ್ಲಿ ಬಂದರೆ ಮತ್ತೆ ಇಂಗ್ಲಿಷಿಗೆ ಹೊರಳುತ್ತದೆ. ಅದನ್ನು ರಾಜಾರೋಷವಾಗಿ ಮಾಡುವ ಮೇಷ್ಟ್ರಿಗೆ ಹುಡುಗರು ಜೀವ ಬಿಡುತ್ತಾರೆ.

ಭಾಷೆಯ ಜೊತೆಗೇ ಮಾನದ ಪ್ರಶ್ನೆಯೂ ಇದೆ. ಅರ್ಥವಾಗದಿದ್ದರೆ ಕೇಳಬಹುದಲ್ಲ ಎನ್ನುವುದು ಸುಲಭ. ಕೇಳಬೇಕಾದರೆ ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಬೇಕು, ಅರುವತ್ತು ಜನ ತಿರುಗಿ ನೋಡುತ್ತಾರೆ, ಅದರ ಮೇಲೆ “ಇಷ್ಟೂ ಗೊತ್ತಿಲ್ವೇನಪ್ಪ? ಪಿಯುಸಿ ಹೆಂಗ್ ಪಾಸ್ ಮಾಡ್ದೆ?” ಎಂದರೆ ಮುಗಿಯಿತು. ಆ ಹುಡುಗ ಆ ಸೆಮಿಸ್ಟರಿನಲ್ಲಿ ಮತ್ತೆ ಬಾಯಿ ಬಿಡುವುದಿಲ್ಲ. ಅವನ ಸುತ್ತ ಕೂತ ಹತ್ತು ಜನರೂ ಬಿಡುವುದಿಲ್ಲ. ಇಂಥ ಮಾತನ್ನು ಮೇಷ್ಟ್ರು ಸಾಮಾನ್ಯವಾಗಿ ಪ್ರೀತಿಯಿಂದಲೇ ಆಡಿರುತ್ತಾರೆ, ತಮಾಷೆಗೆ. ಮಂಡ್ಯದ ಮಾತೇ ಸ್ವಲ್ಪ ಒರಟು. ಆದರೆ ಮನೆಯಲ್ಲಿ ಕೇಳಿದರೆ ನಕ್ಕು ಮರೆಯುವ ಮಾತು ತರಗತಿಯಲ್ಲಿ ಮರೆತುಹೋಗುವುದಿಲ್ಲ. ವಿದ್ಯಾರ್ಥಿಗಳು ‘ಫ್ರೆಂಡ್ಲಿ’ ಎಂದು ಮೆಚ್ಚಿಕೊಳ್ಳುವುದನ್ನು ಹಿರಿಯ ಅಧ್ಯಾಪಕರು ಸಲಿಗೆ ಎಂದು ತಿಳಿದು ಮುಖ ಸಿಂಡರಿಸುತ್ತಾರೆ. ಹುಡುಗರಿಗೆ ಬೇಕಾಗಿರುವುದು ಹೆಗಲ ಮೇಲೆ ಕೈ ಹಾಕುವ ಮೇಷ್ಟ್ರಲ್ಲ, ದಡ್ಡ ಪ್ರಶ್ನೆ ಕೇಳಿದರೂ ಮಾನ ಕಳೆಯದ ಮೇಷ್ಟ್ರು.

ಲ್ಯಾಬಿನ ಕಥೆ ಬೇರೆಯೇ. ಡಿಪ್ಲೊಮಾ ಹುಡುಗರು ಮೆಚ್ಚುವ ಮೇಷ್ಟ್ರು ಎಷ್ಟೋ ಸಲ ಲ್ಯಾಬಿನಲ್ಲೇ ಸಿಗುತ್ತಾರೆ, ಕೆಲವೊಮ್ಮೆ ಅವರು ಮೇಷ್ಟ್ರೂ ಅಲ್ಲ, ಇನ್‌ಸ್ಟ್ರಕ್ಟರ್ ಅಥವಾ ಮೆಕ್ಯಾನಿಕ್. ರೀಡಿಂಗ್ ತಪ್ಪು ಬಂದರೆ ‘ಹಿಂದಿನ ಬ್ಯಾಚಿನ ರೆಕಾರ್ಡ್ ನೋಡ್ಕೋ’ ಎನ್ನದೆ, ಯಾಕೆ ತಪ್ಪು ಬಂತು ಎಂದು ಜೊತೆಯಲ್ಲಿ ನಿಂತು ಹುಡುಕುವವರು. ಇಲ್ಲೂ ಊರು ಕೈಗೆ ಬರುತ್ತದೆ. ಪಂಪ್‌ಸೆಟ್ ಇರುವ ಮನೆಯ ಪ್ರತಿಯೊಬ್ಬ ಹುಡುಗನೂ ಮೋಟಾರ್ ಸುಟ್ಟುಹೋದದ್ದನ್ನು, ಅಪ್ಪ ರಿವೈಂಡಿಂಗ್‌ಗೆ ದುಡ್ಡು ಹೊಂದಿಸಿದ್ದನ್ನು ನೋಡಿದ್ದಾನೆ. ಮೂರು ಫೇಸ್‌ನಲ್ಲಿ ಒಂದು ಹೋದರೂ ಓಡುತ್ತಿರುವ ಮೋಟಾರ್ ನಿಲ್ಲುವುದಿಲ್ಲ. ಅದೇ ಹೊರೆಯನ್ನು ಎಳೆಯಲು ಉಳಿದ ಎರಡು ಫೇಸ್‌ಗಳಿಂದ ಹೆಚ್ಚು ಕರೆಂಟ್ ಎಳೆದುಕೊಳ್ಳುತ್ತದೆ, ವೈಂಡಿಂಗ್ ಕಾದು ಸುಡುತ್ತದೆ. ಇದನ್ನು ಲ್ಯಾಬಿನ ಅಮ್ಮೀಟರಿನಲ್ಲಿ ಮುಳ್ಳು ಮೇಲೇರುವುದನ್ನು ತೋರಿಸಿ ಹೇಳಿದ ಮೇಷ್ಟ್ರನ್ನು ಅವನು ಮರೆಯುವುದಿಲ್ಲ. ಶನಿವಾರ ಮನೆಗೆ ಹೋದವನು ಸ್ಟಾರ್ಟರಿನ ಡಬ್ಬ ಬಿಚ್ಚಿ ಓವರ್‌ಲೋಡ್ ರಿಲೇ ಇದೆಯೋ, ಯಾರಾದರೂ ತಂತಿ ಸುತ್ತಿ ಅದನ್ನು ಬದಿಗಿಟ್ಟಿದ್ದಾರೋ ನೋಡುತ್ತಾನೆ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಹುಡುಗರೇ ನಗುತ್ತಾರೆ. ಅವರು ಮೆಚ್ಚುವುದರಲ್ಲಿ ಪಾಸಾಗುವ ಪ್ಯಾಕೇಜೂ ಸೇರಿದೆ. ವಿಟಿಯು ಪ್ರಶ್ನೆಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿ ಮಾಡ್ಯೂಲಿಗೆ ಎರಡು ಪ್ರಶ್ನೆ, ಒಂದಕ್ಕೆ ಉತ್ತರಿಸಿದರೆ ಸಾಕು. ಈಗಿನ ಪದ್ಧತಿಯಲ್ಲಿ ಇಂಟರ್ನಲ್ಸ್‌ಗೆ 50, ಸೆಮಿಸ್ಟರ್ ಪರೀಕ್ಷೆಗೆ 50. ಇಂಟರ್ನಲ್ಸ್‌ನಲ್ಲಿ 20, ಪರೀಕ್ಷೆಯಲ್ಲಿ 18, ಒಟ್ಟು 40 ಬಂದರೆ ಪಾಸು. ಈ ಲೆಕ್ಕವನ್ನು ಅವರು ಯಾವ ಸಮೀಕರಣಕ್ಕಿಂತಲೂ ಚೆನ್ನಾಗಿ ಬಿಡಿಸುತ್ತಾರೆ. ಮೂರು ಮಾಡ್ಯೂಲಿನ ‘ಇಂಪಾರ್ಟೆಂಟ್’ ಹೇಳಿ, ಅಚ್ಚುಕಟ್ಟಾದ ನೋಟ್ಸಿನ ಪಿಡಿಎಫ್ ವಾಟ್ಸಾಪಿಗೆ ಹಾಕುವ ಮೇಷ್ಟ್ರೂ ಜನಪ್ರಿಯರೇ. ಪಿಪಿಟಿ ಓದಿಕೊಂಡು ಹೋಗುವವರನ್ನು ಬೈಯುತ್ತಲೇ ಅದೇ ಪಿಪಿಟಿಯನ್ನು ‘ಕಳ್ಸಿ ಸಾ’ ಎಂದು ಕೇಳುವವರೂ ಇವರೇ. ಇದನ್ನು ಆಷಾಢಭೂತಿತನ ಎನ್ನಲು ನನಗೆ ಮನಸ್ಸಿಲ್ಲ. ಫೇಲಾಗಿ ಬ್ಯಾಕ್ ಉಳಿದರೆ ಮುಂದಿನ ಸೆಮಿಸ್ಟರಿನಲ್ಲಿ ಮತ್ತೆ ಪರೀಕ್ಷಾ ಶುಲ್ಕ, ಪ್ಲೇಸ್‌ಮೆಂಟಿಗೆ ಕೂರಲು ಅಡ್ಡಿ, ಮನೆಯಲ್ಲಿ ಉತ್ತರ ಹೇಳಬೇಕು. ಆದರೆ ಹುಡುಗರು ಮೆಚ್ಚಿದರು ಎಂಬುದು ಹುಡುಗರು ಕಲಿತರು ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ ಎಂಬುದನ್ನು ಇದು ತೋರಿಸುತ್ತದೆ.

ಇದಕ್ಕೆ ಗಟ್ಟಿ ಆಧಾರವೂ ಇದೆ. 2019ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಲೂಯಿ ಡೆಲೊರಿಯೇ ಮತ್ತು ಜೊತೆಗಾರರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದೇ ವಿಷಯವನ್ನು ಒಂದು ಗುಂಪಿಗೆ ನುರಿತ ಅಧ್ಯಾಪಕರು ಸೊಗಸಾದ ಉಪನ್ಯಾಸದಲ್ಲಿ ಹೇಳಿದರು. ಇನ್ನೊಂದು ಗುಂಪಿನವರಿಗೆ ಲೆಕ್ಕ ಕೊಟ್ಟು, ಗುಂಪಾಗಿ ಕೂತು ತಿಣುಕಲು ಬಿಟ್ಟು, ಆಮೇಲೆ ವಿವರಿಸಿದರು. ಪರೀಕ್ಷೆ ಮಾಡಿದಾಗ ತಿಣುಕಿದ ಗುಂಪು ಹೆಚ್ಚು ಅಂಕ ಪಡೆಯಿತು. ಆದರೆ ‘ಎಷ್ಟು ಕಲಿತಿರಿ ಅನ್ನಿಸುತ್ತದೆ?’ ಎಂದು ಕೇಳಿದಾಗ ಹೆಚ್ಚು ಕಲಿತೆವು ಎಂದದ್ದು ಉಪನ್ಯಾಸ ಕೇಳಿದವರು. ಸರಾಗವಾಗಿ ಹರಿದ ಪಾಠ ಅರ್ಥವಾದಂತೆ ಭಾಸವಾಗುತ್ತದೆ. ಇನ್ನೊಂದು ಉದಾಹರಣೆ ಅಮೆರಿಕದ ವಾಯುಪಡೆ ಅಕಾಡೆಮಿಯದು. ಅಲ್ಲಿ ವಿದ್ಯಾರ್ಥಿಗಳನ್ನು ಅಧ್ಯಾಪಕರಿಗೆ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ, ಆದ್ದರಿಂದ ಹೋಲಿಕೆಗೆ ಅನುಕೂಲ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ 2010ರಲ್ಲಿ ತೋರಿಸಿದ್ದು: ಆಗಿನ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತರಿಸಿ, ವಿದ್ಯಾರ್ಥಿಗಳಿಂದ ಒಳ್ಳೆಯ ಮೆಚ್ಚುಗೆಯನ್ನೂ ಪಡೆದ ಅಧ್ಯಾಪಕರ ವಿದ್ಯಾರ್ಥಿಗಳು ಮುಂದಿನ ಹಂತದ ವಿಷಯಗಳಲ್ಲಿ ಹಿಂದೆ ಬಿದ್ದರು.

ಹಾಗಾದರೆ ‘ಸ್ಟೆಪ್ ಬಿಡಬೇಡಿ ಸಾ’ ಎಂಬ ನಮ್ಮ ಹುಡುಗರ ಬೇಡಿಕೆ ಸೋಮಾರಿತನದ್ದೇ? ಎಲ್ಲ ಹೆಜ್ಜೆಯನ್ನೂ ಮೇಷ್ಟ್ರೇ ಇಟ್ಟರೆ ಹುಡುಗ ನಡೆಯುವುದು ಯಾವಾಗ? ಈ ಪ್ರಶ್ನೆಗೆ ಉತ್ತರ ಆಸ್ಟ್ರೇಲಿಯಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವವರ ಮೇಲೆ ಮಾಡಿದ ಕೆಲಸದಲ್ಲಿ ಸಿಗುತ್ತದೆ. ಹೊಸದಾಗಿ ಕಲಿಯುವವರಿಗೆ ಲೆಕ್ಕ ಕೊಟ್ಟು ಬಿಡುವುದಕ್ಕಿಂತ ಪೂರ್ತಿ ಬಿಡಿಸಿದ ಲೆಕ್ಕವನ್ನು ತೋರಿಸಿ ಓದಿಸುವುದು ಹೆಚ್ಚು ಫಲ ಕೊಟ್ಟಿತು. ಆದರೆ ಮುಂದಿನ ವರ್ಷಗಳ ಸಂಶೋಧನೆ ಅದಕ್ಕೊಂದು ಬಾಲ ಸೇರಿಸಿತು: ಪಳಗಿದ ಮೇಲೆ ಅದೇ ಪೂರ್ತಿ ಬಿಡಿಸಿದ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ, ಅಡ್ಡಿಯೂ ಆಗಬಹುದು. ಆದ್ದರಿಂದ ಮೊದಲ ಸಲ ಎಲ್ಲ ಸಾಲೂ ಇರಲಿ, ಎರಡನೇ ಸಲ ಕೊನೆಯ ಸಾಲು ತೆಗೆಯಿರಿ, ಮೂರನೇ ಸಲ ಕೊನೆಯ ಎರಡು. ಕನ್ನಂಬಾಡಿಯ ಲೆಕ್ಕವನ್ನೇ ತೆಗೆದುಕೊಂಡರೆ, ಮೊದಲ ದಿನ 124.80 ಅಡಿಗೆ ಮೇಷ್ಟ್ರೇ ಪೂರ್ತಿ ಮಾಡಿ ತೋರಿಸಲಿ. ಮರುದಿನ, ಬೇಸಿಗೆಯಲ್ಲಿ ಕಟ್ಟೆ 100 ಅಡಿಗೆ ಇಳಿದಿದೆ ಎಂದು ಹೇಳಿ ಸರಾಸರಿ ಒತ್ತಡದವರೆಗೆ ಬರೆದು ಸೀಮೆಸುಣ್ಣ ಕೆಳಗಿಡಲಿ. ಹುಡುಗರು ಮುಂದುವರಿಸಿದರೆ ಸುಮಾರು 465 ಟನ್ ಬರುತ್ತದೆ. ನೀರು ಐದನೇ ಒಂದು ಪಾಲು ಇಳಿದರೆ ತಳ್ಳುವ ಬಲ ಮೂರನೇ ಒಂದಕ್ಕಿಂತಲೂ ಹೆಚ್ಚು ಇಳಿದಿದೆ. ಯಾಕೆ ಎಂದು ಅವರೇ ಕೇಳಿಕೊಳ್ಳುತ್ತಾರೆ, ಮತ್ತು ಆಳದ ವರ್ಗಕ್ಕೆ ಅರ್ಥ ಬರುವುದು ಆಗಲೇ. ಮೂರನೇ ದಿನ ಹೇಮಾವತಿಗೆ ಅಡ್ಡ ಕಟ್ಟಿರುವ ಹೇಮಗಿರಿಯ ಅಣೆಕಟ್ಟೆಯ ಹೆಸರು ಹೇಳಿ, ‘ಲೆಕ್ಕಕ್ಕೆ ಏನೇನು ಬೇಕು, ನೀವೇ ಹೋಗಿ ಅಳೆದುಕೊಂಡು ಬನ್ನಿ’ ಎಂದರೆ ಸಾಕು. ಹಳೆಯ ತಲೆಮಾರಿನ ಒಳ್ಳೆಯ ಮೇಷ್ಟ್ರು ಯಾವ ಸಂಶೋಧನೆಯನ್ನೂ ಓದದೆ ಇದನ್ನೇ ಮಾಡುತ್ತಿದ್ದರು. ಬಿಟ್ಟುಹೋದ ಸಾಲಿಗೂ ಬೇಕೆಂದೇ ಬಿಟ್ಟ ಸಾಲಿಗೂ ಇರುವ ವ್ಯತ್ಯಾಸವನ್ನು ಹುಡುಗರು ಬಹಳ ಬೇಗ ಗುರುತಿಸುತ್ತಾರೆ. ಮೊದಲನೆಯದು ಸಿಟ್ಟು ತರಿಸುತ್ತದೆ, ಎರಡನೆಯದು ಕ್ಯಾಂಟೀನಿನಲ್ಲಿ ಚರ್ಚೆಯಾಗುತ್ತದೆ.

ಮೇಷ್ಟ್ರ ಕಡೆಯ ಮಾತನ್ನೂ ಹೇಳಬೇಕು. ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ಮುಂದಿನ ವರ್ಷ ಇದೇ ವಿಷಯ ಇದೇ ಕಾಲೇಜಿನಲ್ಲಿ ಸಿಗುತ್ತದೆಯೇ ಎಂಬುದೇ ಗೊತ್ತಿಲ್ಲದವರು. ಯಾವ ಹೆಜ್ಜೆಯಲ್ಲಿ ಹುಡುಗರು ಮುಗ್ಗರಿಸುತ್ತಾರೆ ಎಂದು ಗೊತ್ತಾಗುವುದು ಒಂದೇ ವಿಷಯವನ್ನು ಮೂರು ನಾಲ್ಕು ವರ್ಷ ಕಲಿಸಿದ ಮೇಲೆ. ಆ ಅವಕಾಶವನ್ನೇ ಕೊಡದೆ ಗುಣಮಟ್ಟ ಕೇಳಿದರೆ ಹೇಗೆ? ಕಾಯಂ ಇರುವವರಿಗೆ ಮೌಲ್ಯಮಾಪನ, ಚುನಾವಣೆ ಕೆಲಸ, ಕೋರ್ಸಿನ ಮಾನ್ಯತೆಗೆ ಬೇಕಾದ ಎನ್‌ಬಿಎ ಫೈಲು. ಯಾವ ಪ್ರಶ್ನೆ ಯಾವ ‘ಕೋರ್ಸ್ ಔಟ್‌ಕಮ್’ಗೆ ಸೇರಿದ್ದು ಎಂದು ಎಕ್ಸೆಲ್ ಹಾಳೆ ತುಂಬುವಷ್ಟು ಹೊತ್ತಿನಲ್ಲಿ ಒಂದು ಲೆಕ್ಕದ ಬಿಟ್ಟುಹೋದ ಸಾಲುಗಳನ್ನೆಲ್ಲ ಬರೆಯಬಹುದು.

ಇಂಟರ್ನಲ್ಸ್‌ನಲ್ಲಿ ನ್ಯಾಯ, ಹಾಜರಿ ಶಾರ್ಟೇಜ್ ಆದಾಗ ಬಸ್ಸಿನ ಕಷ್ಟ ಕೇಳುವ ವ್ಯವಧಾನ, ತಿದ್ದಿದ ಬ್ಲೂಬುಕ್ಕನ್ನು ಕೈಗೆ ಕೊಟ್ಟು ಎಲ್ಲಿ ಅಂಕ ಹೋಯಿತು ಎಂದು ತೋರಿಸುವುದು, ಇವೆಲ್ಲ ಹುಡುಗರ ಪಟ್ಟಿಯಲ್ಲಿವೆ. ಇವನ್ನು ಬೋಧನಾ ಕೌಶಲ ಎನ್ನುವುದು ಹೆಚ್ಚಾದೀತು, ಸಾಮಾನ್ಯ ನ್ಯಾಯ ಅಷ್ಟೆ. ಒಬ್ಬರ ಹತ್ತಿರ ಇದಿಲ್ಲ ಎಂದರೆ ಉಳಿದ ಯಾವ ಗುಣವನ್ನೂ ಹುಡುಗರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉಳಿದದ್ದು ಫೀಡ್‌ಬ್ಯಾಕ್ ಫಾರ್ಮು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳಿಂದ ಇದನ್ನು ತುಂಬಿಸುತ್ತಾರೆ, ಅಧ್ಯಾಪಕರ ಮೌಲ್ಯಮಾಪನದಲ್ಲಿ ಅದಕ್ಕೂ ಪಾಲಿದೆ. ಸಮಯಕ್ಕೆ ಸರಿಯಾಗಿ ಬರುತ್ತಾರೆಯೇ, ಸಿಲಬಸ್ ಮುಗಿಸಿದರೇ, ಸಂವಹನ ಹೇಗಿದೆ, ಐಸಿಟಿ ಬಳಸುತ್ತಾರೆಯೇ: ಒಂದರಿಂದ ಐದರವರೆಗೆ ಗುರುತು ಹಾಕಿ. ಹುಡುಗರು ಮೇಲಿನಿಂದ ಕೆಳಗೆ ಐದೈದು ಒತ್ತಿಕೊಂಡು ಹೋಗುತ್ತಾರೆ, ಕೋಪವಿದ್ದರೆ ಒಂದೊಂದು. ಎರಡರಿಂದಲೂ ಮೇಷ್ಟ್ರಿಗೆ ಏನೂ ತಿಳಿಯುವುದಿಲ್ಲ, ತಿಳಿದರೂ ಆ ಬ್ಯಾಚಿಗೆ ಪ್ರಯೋಜನವಿಲ್ಲ, ಪಾಠ ಮುಗಿದಿರುತ್ತದೆ.

ಫ್ರೆಡರಿಕ್ ಮೊಸ್ಟೆಲರ್ ಎಂಬ ಹಾರ್ವರ್ಡಿನ ಸಂಖ್ಯಾಶಾಸ್ತ್ರಜ್ಞ 1989ರಲ್ಲಿ ಇದಕ್ಕಿಂತ ಎಷ್ಟೋ ಅಗ್ಗದ ಉಪಾಯವೊಂದನ್ನು ಬರೆದರು. ತರಗತಿಯ ಕೊನೆಯ ಕೆಲವು ನಿಮಿಷದಲ್ಲಿ ವಿದ್ಯಾರ್ಥಿಗಳ ಕೈಗೆ ಚೀಟಿ ಕೊಟ್ಟು, ಇವತ್ತಿನ ಪಾಠದಲ್ಲಿ ಎಲ್ಲಕ್ಕಿಂತ ಮಸುಕಾಗಿ ಉಳಿದದ್ದು ಯಾವುದು ಎಂದು ಬರೆಸುವುದು. ನಮ್ಮ ತರಗತಿಗೆ ಅದನ್ನು ಸ್ವಲ್ಪ ತಿದ್ದಿಕೊಳ್ಳಬಹುದು: ಯಾವ ಸಾಲಿನಿಂದ ಯಾವ ಸಾಲಿಗೆ ಹೋಗುವಾಗ ಕೈಬಿಟ್ಟಿತು? ಹೆಸರು ಬೇಡ, ರಿಜಿಸ್ಟರ್ ನಂಬರ್ ಬೇಡ, ಕನ್ನಡವಾದರೂ ಸರಿ, ಇಂಗ್ಲಿಷಾದರೂ ಸರಿ, ಎರಡೂ ಬೆರೆತರೂ ಸರಿ. ಕೊನೆಯ ಪೀರಿಯಡ್ ಆಗಿದ್ದರೆ ಬಸ್ಸಿಗೆ ಹೊತ್ತಾಗದಂತೆ ಮೂರು ನಿಮಿಷ ಮುಂಚೆ ಪಾಠ ನಿಲ್ಲಿಸಬೇಕು, ಇಲ್ಲದಿದ್ದರೆ ನಾಗಮಂಗಲದ ಹುಡುಗರು ಖಾಲಿ ಚೀಟಿ ಇಟ್ಟು ಓಡುತ್ತಾರೆ. ಅರುವತ್ತು ಚೀಟಿಯಲ್ಲಿ ಇಪ್ಪತ್ತು ಒಂದೇ ಜಾಗವನ್ನು ತೋರಿಸಿದರೆ ಮರುದಿನದ ಮೊದಲ ಹತ್ತು ನಿಮಿಷಕ್ಕೆ ಕೆಲಸ ಸಿಕ್ಕಿತು. ಖರ್ಚು ಹದಿನೈದು ಹಾಳೆ, ನಾಲ್ಕು ತುಂಡು ಮಾಡಿದರೆ. ಚೀಟಿಗಳನ್ನು ಎಸೆಯುವ ಮುಂಚೆ ಫೋಟೋ ತೆಗೆದಿಟ್ಟುಕೊಂಡರೆ ಎನ್‌ಬಿಎ ತಂಡ ಬಂದಾಗ ಫೈಲಿಗೂ ಸೇರಿಸಬಹುದು, ಅದಕ್ಕೆ ಯಾವ ಔಟ್‌ಕಮ್ ನಂಬರ್ ಹಾಕಬೇಕು ಎಂಬುದನ್ನು ವಿಭಾಗದ ಮುಖ್ಯಸ್ಥರು ತೀರ್ಮಾನಿಸಲಿ.